ಆಂಟಾಸಿಡ್ ಮಾತ್ರೆ ಎಷ್ಟು ಆಮ್ಲವನ್ನು ತಟಸ್ಥ ಮಾಡುತ್ತದೆ? ಅಳೆಯುವ ಕ್ರಮ, ಲೆಕ್ಕ, ಎಡವುವ ಜಾಗಗಳು

ಆಂಟಾಸಿಡ್ ಮಾತ್ರೆಯ ಮೇಲೆ ಪ್ರಾಜೆಕ್ಟ್ ಮಾಡುವವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಮಾತ್ರೆ ಪುಡಿ ಮಾಡಿ ನೀರಿಗೆ ಹಾಕಿದೆವು, ಸೂಚಕದ (ಆಮ್ಲೀಯತೆಗೆ ತಕ್ಕಂತೆ ಬಣ್ಣ ಬದಲಿಸುವ ದ್ರವದ) ಹನಿ ಬಿಟ್ಟೆವು, ಬ್ಯೂರೆಟ್‌ನಿಂದ (ಅಳತೆ ಗೆರೆ, ತಿರುಪು ಇರುವ ಗಾಜಿನ ಕೊಳವೆಯಿಂದ) ಆಮ್ಲ ಇಳಿಸಿದೆವು. ಬಣ್ಣ ತಿರುಗಿತು, ಆದರೆ ಅರ್ಧ ನಿಮಿಷದಲ್ಲಿ ಹಳೆಯ ಬಣ್ಣವೇ ವಾಪಸ್ ಬಂತು. ಮತ್ತೆ ಆಮ್ಲ ಬಿಟ್ಟರೆ ಮತ್ತೆ ಅದೇ ಕಥೆ. ಹಾಗಾದರೆ ಯಾವ ಅಂಕಿಯನ್ನು ಬರೆದುಕೊಳ್ಳಬೇಕು?

ಯಾವುದನ್ನೂ ಬರೆದುಕೊಳ್ಳಬೇಡಿ. ಕೈ ತಪ್ಪಿಲ್ಲ, ವಿಧಾನ ತಪ್ಪಿದೆ. ಮಾತ್ರೆಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಲಿ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಆಗಲಿ ನೀರಿನಲ್ಲಿ ಕರಗುವುದು ತೀರಾ ಅಲ್ಪ. ಬ್ಯೂರೆಟ್‌ನಿಂದ ಬಿದ್ದ ಆಮ್ಲ ಆ ಕ್ಷಣಕ್ಕೆ ಕರಗಿದ್ದ ಅಷ್ಟಿಷ್ಟು ಪ್ರತ್ಯಾಮ್ಲವನ್ನು ಮುಗಿಸುತ್ತದೆ, ಬಣ್ಣ ತಿರುಗುತ್ತದೆ. ಆಮೇಲೆ ತಳದ ಪುಡಿ ಇನ್ನಷ್ಟು ಕರಗಿ ಆ ಆಮ್ಲವನ್ನು ಮುಗಿಸುತ್ತದೆ, ಬಣ್ಣ ಹಿಂದಿರುಗುತ್ತದೆ. ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದೇ ಟೈಟ್ರೇಷನ್; ಇಂಥ ವಸ್ತುವಿಗೆ ಹಿಮ್ಮುಖ ಟೈಟ್ರೇಷನ್ ಬೇಕು. ಅಂದರೆ ಮೊದಲೇ ಅಳೆದು, ಅಗತ್ಯಕ್ಕಿಂತ ಹೆಚ್ಚು ಆಮ್ಲ ಹಾಕಿಬಿಡುವುದು. ಪುಡಿ ತನಗೆ ಬೇಕಾದಷ್ಟನ್ನು ಬಳಸಿಕೊಳ್ಳಲು ಸಮಯ ಕೊಡುವುದು. ಉಳಿದ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಅಳೆಯುವುದು. ಹಾಕಿದ್ದರಲ್ಲಿ ಉಳಿದದ್ದನ್ನು ಕಳೆದರೆ ಮಾತ್ರೆ ಬಳಸಿದ್ದು ಸಿಗುತ್ತದೆ.

ಮಾತ್ರೆಯೊಳಗೆ ಏನಿದೆ, ಅದು ಆಮ್ಲಕ್ಕೆ ಏನು ಮಾಡುತ್ತದೆ

ಜಠರದ ಗೋಡೆಯ ಪರೈಟಲ್ ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತವೆ. ಕೋಶದಿಂದ ಹೊರಬೀಳುವಾಗ ಅದರ ಸಾಂದ್ರತೆ ಸುಮಾರು 0.16 ಮೋಲಾರ್, ಅಂದರೆ ಲೀಟರಿಗೆ 0.16 ಮೋಲ್ (ಮೋಲ್ ಎಂದರೆ ಕಣಗಳ ಸಂಖ್ಯೆ ಹೇಳುವ ರಸಾಯನಶಾಸ್ತ್ರದ ಅಳತೆ). ಖಾಲಿ ಹೊಟ್ಟೆಯ ಪಿಎಚ್ ಸಾಮಾನ್ಯವಾಗಿ 1ರಿಂದ 3ರೊಳಗೆ ಇರುತ್ತದೆ. ಆಂಟಾಸಿಡ್ ಎಂದರೆ ಈ ಆಮ್ಲದೊಂದಿಗೆ ಸೇರಿ ಲವಣ ಮತ್ತು ನೀರು ಕೊಡುವ ಸೌಮ್ಯ ಪ್ರತ್ಯಾಮ್ಲ. ಕಾರ್ಬೊನೇಟ್ ಜಾತಿಯದಾದರೆ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಅನಿಲವೂ ಹೊರಡುತ್ತದೆ. ಮಾರುಕಟ್ಟೆಯ ಬಹುಪಾಲು ಮಾತ್ರೆಗಳಲ್ಲಿರುವುದು ಈ ನಾಲ್ಕರಲ್ಲಿ ಒಂದೋ ಎರಡೋ:

- ಸೋಡಿಯಂ ಬೈಕಾರ್ಬೊನೇಟ್: ಒಂದು ಮೋಲ್ ಒಂದು ಮೋಲ್ ಆಮ್ಲವನ್ನು ಮುಗಿಸುತ್ತದೆ. ಮೋಲಾರ್ ದ್ರವ್ಯರಾಶಿ 84.0; ಹಾಗಾಗಿ 1 ಗ್ರಾಂಗೆ 11.9 ಮಿಲಿಮೋಲ್ ಆಮ್ಲ.
- ಕ್ಯಾಲ್ಸಿಯಂ ಕಾರ್ಬೊನೇಟ್: ಒಂದಕ್ಕೆ ಎರಡು. ದ್ರವ್ಯರಾಶಿ 100.09, 1 ಗ್ರಾಂಗೆ 20.0 ಮಿಲಿಮೋಲ್.
- ಮೆಗ್ನೀಷಿಯಂ ಹೈಡ್ರಾಕ್ಸೈಡ್: ಒಂದಕ್ಕೆ ಎರಡು. ದ್ರವ್ಯರಾಶಿ 58.32, 1 ಗ್ರಾಂಗೆ 34.3 ಮಿಲಿಮೋಲ್.
- ಅಲ್ಯೂಮಿನಿಯಂ ಹೈಡ್ರಾಕ್ಸೈಡ್: ಒಂದಕ್ಕೆ ಮೂರು. ದ್ರವ್ಯರಾಶಿ 78.00; 1 ಗ್ರಾಂಗೆ 38.5 ಮಿಲಿಮೋಲ್, ಅದೂ ಕಾಗದದ ಮೇಲೆ.

ಕೊನೆಯ ಸಾಲಿನ "ಕಾಗದದ ಮೇಲೆ" ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಪಟ್ಟಿ ನೋಡಿ ಅಲ್ಯೂಮಿನಿಯಂ ಎಲ್ಲಕ್ಕಿಂತ ಬಲಶಾಲಿ ಎಂದು ಬರೆದ ಪ್ರಾಜೆಕ್ಟ್ ವರದಿಗಳು ಬೇಕಾದಷ್ಟಿವೆ. ಅದು ನಿಧಾನವಾಗಿ ಪ್ರತಿಕ್ರಿಯಿಸುವ ವಸ್ತು. ಜೊತೆಗೆ ಔಷಧದಲ್ಲಿ ಬಳಸುವುದು ಶುದ್ಧ ಸಂಯುಕ್ತವನ್ನಲ್ಲ, ನೀರು ಮತ್ತು ಸ್ವಲ್ಪ ಕಾರ್ಬೊನೇಟ್ ಹಿಡಿದಿಟ್ಟುಕೊಂಡ "ಒಣಗಿಸಿದ ಜೆಲ್" ಅನ್ನು. ಲೇಬಲ್ಲಿನಲ್ಲಿ ಒಣಗಿಸಿದ ಜೆಲ್ ಎಂದಿದ್ದರೆ ಅದರ ತೂಕವನ್ನು ನೇರವಾಗಿ 78ರಿಂದ ಭಾಗಿಸಿದರೆ ಲೆಕ್ಕ ಹೆಚ್ಚಾಗಿ ಬರುತ್ತದೆ.

ಒಂದು ಪಾರಿಭಾಷಿಕ ಪದವನ್ನು ಇಲ್ಲೇ ಬಿಡಿಸಿಡುವುದು ಒಳ್ಳೆಯದು. ಔಷಧ ಗ್ರಂಥಗಳು ಸಾಮರ್ಥ್ಯವನ್ನು "ಮಿಲಿಈಕ್ವಿವಲೆಂಟ್" ಲೆಕ್ಕದಲ್ಲಿ ಕೊಡುತ್ತವೆ. ಹೈಡ್ರೋಕ್ಲೋರಿಕ್ ಆಮ್ಲದ ಮಟ್ಟಿಗೆ 1 ಮಿಲಿಈಕ್ವಿವಲೆಂಟ್ ಎಂದರೆ 1 ಮಿಲಿಮೋಲ್ ಆಮ್ಲವೇ. ಆದರೆ 1 ಮಿಲಿಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದರೆ 2 ಮಿಲಿಈಕ್ವಿವಲೆಂಟ್. ಲೆಕ್ಕ ಸರಿಯಾಗಿ ಎರಡು ಪಟ್ಟು ಅಥವಾ ಅರ್ಧದಷ್ಟು ತಪ್ಪಿದ್ದರೆ ಮೊದಲು ಇಲ್ಲೇ ಹುಡುಕಿ.

ಪಿಎಚ್ ಕಾಗದ ಯಾಕೆ ಸಾಲದು

"ಆಮ್ಲಕ್ಕೆ ಮಾತ್ರೆ ಹಾಕಿ ಪಿಎಚ್ ಕಾಗದ ಅದ್ದಿದರೆ ಆಗದೇ?" ಎನ್ನುವುದು ಎರಡನೇ ಪ್ರಶ್ನೆ. ಅದರಿಂದ ಸಾಮರ್ಥ್ಯ ಗೊತ್ತಾಗುವುದಿಲ್ಲ. 100 ಮಿ.ಲೀ. 0.1 ಮೋಲಾರ್ ಆಮ್ಲ ತೆಗೆದುಕೊಳ್ಳಿ. ಪಿಎಚ್ 1, ಒಳಗಿರುವುದು 10 ಮಿಲಿಮೋಲ್ ಆಮ್ಲ. ಅದರಲ್ಲಿ 9 ಮಿಲಿಮೋಲ್ ಮುಗಿದುಹೋದರೂ ಪಿಎಚ್ ಏರುವುದು ಬರೀ 2ಕ್ಕೆ. ನೂರಕ್ಕೆ ತೊಂಬತ್ತೊಂಬತ್ತು ಭಾಗ ಮುಗಿದರೆ 3. ಪಿಎಚ್ 3.5 ಮುಟ್ಟಬೇಕಾದರೆ ಶೇ. 99.7ರಷ್ಟು ಆಮ್ಲ ಹೋಗಬೇಕು. ಅಂದರೆ ತೊಂಬತ್ತು ಪಾಲು ಕೆಲಸ ನಡೆಯುತ್ತಿರುವಾಗ ಕಾಗದದ ಬಣ್ಣ ಬಹುತೇಕ ಅಲ್ಲಾಡುವುದೇ ಇಲ್ಲ. ಕೊನೆಯ ಚೂರು ಆಮ್ಲ ಹೋಗುವಾಗ ಒಮ್ಮೆಲೇ ಜಿಗಿಯುತ್ತದೆ. ಮಾತ್ರೆಯಲ್ಲಿ 450 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ ಈ ಬೀಕರ್‌ನಲ್ಲಿ ಪಿಎಚ್ 2, ಅದೇ 500 ಮಿ.ಗ್ರಾಂ ಇದ್ದರೆ 4ರ ಸುತ್ತಮುತ್ತ. ಮೊದಲನೆಯದು "ಕೆಲಸ ಮಾಡಿಲ್ಲ", ಎರಡನೆಯದು "ಅದ್ಭುತ" ಎಂದು ತೀರ್ಪು ಕೊಟ್ಟರೆ ಶೇ. 10ರ ವ್ಯತ್ಯಾಸಕ್ಕೆ ಅನ್ಯಾಯದ ತೂಕ ಕೊಟ್ಟಂತೆ.

ಅಳೆಯುವ ಮುನ್ನ ಪ್ರಶ್ನೆ ಆರಿಸಿಕೊಳ್ಳಿ

ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಅವನ್ನು ಕಲಸಿಬಿಡುವುದೇ ಈ ಪ್ರಯೋಗದ ದೊಡ್ಡ ಗೊಂದಲ.

ಒಂದು: ಲೇಬಲ್ಲಿನಲ್ಲಿ ಹೇಳಿದಷ್ಟು ಔಷಧ ಮಾತ್ರೆಯಲ್ಲಿ ಇದೆಯೇ? ಇದಕ್ಕೆ ಪ್ರತಿಕ್ರಿಯೆ ಪೂರ್ತಿ ಮುಗಿಯಬೇಕು. ಆಮ್ಲ ಹಾಕಿ ಕುದಿಸಬಹುದು. ಎರಡು: ಮಾತ್ರೆ ಜಠರದಲ್ಲಿರುವಷ್ಟು ಹೊತ್ತಿನೊಳಗೆ ಎಷ್ಟು ಆಮ್ಲ ಮುಗಿಸೀತು? ಇದಕ್ಕೆ ದೇಹದ ಉಷ್ಣತೆ ಮತ್ತು ನಿಗದಿತ ಸಮಯ ಬೇಕು. ಕುದಿಸಿದರೆ ಪ್ರಶ್ನೆಯೇ ಹಾಳಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಗೆ ಎರಡೂ ಉತ್ತರ ಹತ್ತಿರ ಹತ್ತಿರ ಬರುತ್ತವೆ. ಅಲ್ಯೂಮಿನಿಯಂ ಇರುವ ಮಾತ್ರೆಗೆ ಬಹಳ ದೂರ ಹೋಗಬಹುದು. ಮೊದಲು ಸುಲಭವಾದ ಕ್ಯಾಲ್ಸಿಯಂ ಮಾತ್ರೆಯಲ್ಲಿ ಮೊದಲನೇ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ, ಕೈ ಕುದುರಿದ ಮೇಲೆ ಎರಡನೆಯದಕ್ಕೆ ಹೋಗಿ.

ಬೇಕಾಗುವವು

0.1 ಮಿ.ಗ್ರಾಂ ತೋರಿಸುವ ತಕ್ಕಡಿ, 50 ಮಿ.ಲೀ. ಬ್ಯೂರೆಟ್, 25 ಮಿ.ಲೀ. ಪಿಪೆಟ್ ಮತ್ತು ರಬ್ಬರ್ ಬಲ್ಬ್, 250 ಮಿ.ಲೀ. ಕೋನಿಕಲ್ ಫ್ಲಾಸ್ಕ್ ಕನಿಷ್ಠ ನಾಲ್ಕು, ಖಲ್ಲು-ಬತ್ತ, ಬಿಸಿ ಮಾಡಲು ಹಾಟ್ ಪ್ಲೇಟ್, ಡಿಸ್ಟಿಲ್ಡ್ ವಾಟರ್, ಬ್ರೋಮೋಫೀನಾಲ್ ಬ್ಲೂ ಸೂಚಕ, ಜಲರಹಿತ ಸೋಡಿಯಂ ಕಾರ್ಬೊನೇಟ್. ಒಂದೇ ಬ್ಯಾಚಿನ 20 ಮಾತ್ರೆಗಳು. ಕಣ್ಣಿಗೆ ಸುರಕ್ಷತಾ ಕನ್ನಡಕ, ಕೈಗೆ ಗವಸು. ಬಾಯಿಂದ ಪಿಪೆಟ್ ಎಳೆಯಲೇಬೇಡಿ. ಲ್ಯಾಬಿನೊಳಗೆ ಬಂದ ಮಾತ್ರೆ ಮತ್ತೆ ಔಷಧವಾಗಿ ಯಾರ ಬಾಯಿಗೂ ಹೋಗಬಾರದು.

0.1 ಮೋಲಾರ್ ಆಮ್ಲಕ್ಕೆ: ಶೇ. 37ರ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 12 ಮೋಲಾರ್ ಇರುತ್ತದೆ. ಅದರ 8.5 ಮಿ.ಲೀ.ಯನ್ನು ಫ್ಯೂಮ್ ಹುಡ್ ಒಳಗೆ ಅಳೆದು, ಅರ್ಧ ಲೀಟರ್ ನೀರಿಗೆ ನಿಧಾನವಾಗಿ ಸೇರಿಸಿ, ಒಂದು ಲೀಟರ್‌ಗೆ ತುಂಬಿಸಿ. ನೀರಿಗೆ ಆಮ್ಲ; ಆಮ್ಲಕ್ಕೆ ನೀರು ಅಲ್ಲ. ಸೋಡಿಯಂ ಹೈಡ್ರಾಕ್ಸೈಡ್ 4.2 ಗ್ರಾಂ, ಕುದಿಸಿ ತಣಿಸಿದ ಒಂದು ಲೀಟರ್ ನೀರಿನಲ್ಲಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಈ ಹರಳುಗಳು ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿಕೊಳ್ಳುವುದರಿಂದ ತೂಕ ನೋಡಿ ಸಾಂದ್ರತೆ ನಂಬುವ ಹಾಗಿಲ್ಲ.

ಸೂಚಕದ ಬಗ್ಗೆ ಒಂದು ಮಾತು. ಕಾಲೇಜು ಲ್ಯಾಬಿನಲ್ಲಿ ಕೈಗೆ ಮೊದಲು ಸಿಗುವುದು ಫಿನಾಲ್ಫ್ಥಲೀನ್. ಇಲ್ಲಿ ಅದು ಬೇಡ. ಅದು ಗುಲಾಬಿಯಾಗುವುದು ಪಿಎಚ್ 8 ದಾಟಿದ ಮೇಲೆ. ಅಷ್ಟರೊಳಗೆ ದ್ರಾವಣದಲ್ಲಿ ಉಳಿದ ಕಾರ್ಬನ್ ಡೈಆಕ್ಸೈಡ್ ಕೂಡ ಸೋಡಿಯಂ ಹೈಡ್ರಾಕ್ಸೈಡನ್ನು ಬಳಸಿಕೊಂಡಿರುತ್ತದೆ. ಅಲ್ಯೂಮಿನಿಯಂ ಇದ್ದರೆ ಅದು ಪಿಎಚ್ 4ರ ಆಚೆಗೇ ಬಿಳಿ ಜೆಲ್ ಆಗಿ ಕೂರತೊಡಗಿ, ತಾನು ಮುಗಿಸಿದ ಆಮ್ಲದ ಲೆಕ್ಕವನ್ನೆಲ್ಲ ಅಳಿಸಿಹಾಕುತ್ತದೆ. ಬ್ರೋಮೋಫೀನಾಲ್ ಬ್ಲೂ ಪಿಎಚ್ 3.0ಕ್ಕಿಂತ ಕೆಳಗೆ ಹಳದಿ, 4.6ರ ಮೇಲೆ ನೀಲಿ-ನೇರಳೆ. ಅದಿಲ್ಲದಿದ್ದರೆ 3.1ರಿಂದ 4.4ರೊಳಗೆ ಕೆಂಪಿನಿಂದ ಹಳದಿಗೆ ತಿರುಗುವ ಮೀಥೈಲ್ ಆರೆಂಜ್ ಆದೀತು, ಕೊನೆಯ ಬಣ್ಣ ಗುರುತಿಸುವುದು ಸ್ವಲ್ಪ ಕಷ್ಟ.

ಒಟ್ಟು ಸಾಮರ್ಥ್ಯ: ಹಂತ ಹಂತವಾಗಿ

1. ಆಮ್ಲದ ಸಾಂದ್ರತೆ ಖಚಿತಪಡಿಸಿಕೊಳ್ಳಿ. 270 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಡೆಸಿಕೇಟರ್‌ನಲ್ಲಿ (ತೇವ ತಗಲದಂತೆ ಇಡುವ ಮುಚ್ಚಿದ ಪಾತ್ರೆಯಲ್ಲಿ) ತಣಿಸಿದ ಸೋಡಿಯಂ ಕಾರ್ಬೊನೇಟ್ ಸುಮಾರು 0.13 ಗ್ರಾಂ ನಿಖರವಾಗಿ ತೂಗಿ, 50 ಮಿ.ಲೀ. ನೀರಿನಲ್ಲಿ ಕರಗಿಸಿ, ಸೂಚಕ ಹಾಕಿ, ಬ್ಯೂರೆಟ್‌ನಿಂದ ನಿಮ್ಮ ಆಮ್ಲ ಬಿಡಿ. ನೀಲಿ ಹೋಗಿ ಹಸಿರು ಛಾಯೆ ಬಂದಾಗ ನಿಲ್ಲಿಸಿ ಎರಡು ನಿಮಿಷ ಕುದಿಸಿ. ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ನೀಲಿ ಮರಳುತ್ತದೆ. ತಣಿಸಿ, ಮತ್ತೆ ಹನಿ ಹನಿಯಾಗಿ ಮುಗಿಸಿ. ಉದಾಹರಣೆಗೆ 0.1325 ಗ್ರಾಂ ಕಾರ್ಬೊನೇಟ್ ಎಂದರೆ 1.250 ಮಿಲಿಮೋಲ್, ಅದಕ್ಕೆ ಬೇಕಾದ ಆಮ್ಲ 2.500 ಮಿಲಿಮೋಲ್. ಇಳಿದ ಆಮ್ಲ 24.37 ಮಿ.ಲೀ. ಆದರೆ ಸಾಂದ್ರತೆ 0.1026 ಮೋಲಾರ್.

2. ಮಾತ್ರೆ ತೂಗಿ ಪುಡಿ ಮಾಡಿ. 20 ಮಾತ್ರೆಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. ಖಲ್ಲಿನಲ್ಲಿ ಸಣ್ಣಗೆ ಅರೆದು ಪೂರ್ತಿ ಬೆರೆಸಿ. ಒಂದೇ ಮಾತ್ರೆ ಪುಡಿ ಮಾಡಿ ಅಳೆದರೆ ಆ ಮಾತ್ರೆಯ ಏರುಪೇರು ಎಲ್ಲ ಮಾತ್ರೆಗಳ ಮೇಲೂ ಕೂರುತ್ತದೆ. ಖಲ್ಲಿಗೆ ಅಂಟಿಕೊಂಡದ್ದನ್ನು ಕೆರೆದು ಸೇರಿಸಿ; ಸಕ್ಕರೆ, ಪಿಷ್ಟ, ಟಾಲ್ಕ್‌ನಂಥ ಪೂರಕ ಪದಾರ್ಥಗಳೂ ಔಷಧವೂ ಒಂದೇ ತೆರನಾಗಿ ಅಂಟುವುದಿಲ್ಲ.

3. ಪುಡಿ ಎಷ್ಟು ಬೇಕೆಂದು ಲೆಕ್ಕ ಹಾಕಿ. 50.00 ಮಿ.ಲೀ. ಆಮ್ಲದಲ್ಲಿ ಸುಮಾರು 5 ಮಿಲಿಮೋಲ್ ಇದೆ. ಪುಡಿ ಅದರ ಅರ್ಧದಷ್ಟನ್ನು ಬಳಸುವಂತಿರಬೇಕು. 1.25 ಗ್ರಾಂ ತೂಕದ ಮಾತ್ರೆಯಲ್ಲಿ 500 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆಯೆಂದಾದರೆ 0.30 ಗ್ರಾಂ ಪುಡಿ ಸರಿಹೋಗುತ್ತದೆ: ಅದರಲ್ಲಿ 0.12 ಗ್ರಾಂ ಔಷಧ, ಬಳಸುವ ಆಮ್ಲ 2.4 ಮಿಲಿಮೋಲ್. ಪುಡಿ ಹೆಚ್ಚಾಗಿ ಆಮ್ಲವೆಲ್ಲ ಖರ್ಚಾದರೆ ಸೂಚಕ ಹಾಕಿದ ಕ್ಷಣವೇ ನೀಲಿ ಕಾಣುತ್ತದೆ. ಆಗ ಆ ಫ್ಲಾಸ್ಕ್ ಚೆಲ್ಲಿ, ಕಡಿಮೆ ಪುಡಿಯಿಂದ ಮತ್ತೆ ಶುರುಮಾಡಿ. ಮೇಲಿಂದ ಅಂದಾಜಿನಲ್ಲಿ ಆಮ್ಲ ಸುರಿಯಬೇಡಿ.

4. ಆಮ್ಲ ಹಾಕಿ. ಪುಡಿಯನ್ನು ಮೊದಲು ಕೆಲವು ಹನಿ ನೀರಿನಲ್ಲಿ ನೆನೆಸಿ. ಒಣ ಪುಡಿಗೆ ಆಮ್ಲ ಬಿದ್ದರೆ ನೊರೆಯ ಜೊತೆ ಪುಡಿಯೂ ಫ್ಲಾಸ್ಕಿನ ಕುತ್ತಿಗೆಗೆ ಹಾರುತ್ತದೆ. ಪಿಪೆಟ್‌ನಿಂದ 25.00 ಮಿ.ಲೀ. ಆಮ್ಲವನ್ನು ಎರಡು ಸಲ, ಫ್ಲಾಸ್ಕಿನ ಗೋಡೆಯ ಗುಂಟ ಇಳಿಯುವಂತೆ ಬಿಡಿ. ಬುರುಗು ಇಳಿದ ಮೇಲೆ ಗೋಡೆಯನ್ನು ನೀರಿನಿಂದ ತೊಳೆದು ಕೆಳಗಿಳಿಸಿ.

5. ಐದು ನಿಮಿಷ ಮೆಲ್ಲಗೆ ಕುದಿಸಿ, ತಣಿಸಿ. ಕುದಿಸುವುದು ಎರಡು ಕಾರಣಕ್ಕೆ: ಉಳಿದ ಕಣಗಳು ಪ್ರತಿಕ್ರಿಯಿಸಲಿ, ಅನಿಲ ಹೊರಟುಹೋಗಲಿ. ಇಷ್ಟು ತೆಳುವಾದ ಆಮ್ಲ ಮೆಲ್ಲಗೆ ಕುದಿಸಿದರೆ ಆವಿಯಾಗಿ ನಷ್ಟವಾಗುವುದು ನಗಣ್ಯ. ಆದರೆ ಬತ್ತಿಹೋಗಲು ಬಿಡಬೇಡಿ. ಕುದಿಸಿದ ಮೇಲೂ ದ್ರಾವಣ ಮಸುಕಾಗಿದ್ದರೆ ಹೆದರಬೇಡಿ. ಟಾಲ್ಕ್ ಆಮ್ಲದಲ್ಲಿ ಕರಗುವುದಿಲ್ಲ, ಪಿಷ್ಟ ಬಿಸಿಗೆ ಗಂಜಿಯಾಗುತ್ತದೆ. ಗುಳ್ಳೆ ಏಳುವುದು ಪೂರ್ತಿ ನಿಂತಿದೆಯೇ ಎಂಬುದಷ್ಟೇ ಇಲ್ಲಿ ಮುಖ್ಯ.

6. ಬ್ಲಾಂಕ್ ಇಟ್ಟುಕೊಳ್ಳಿ. ಬ್ಲಾಂಕ್ ಎಂದರೆ ಮಾತ್ರೆಯಿಲ್ಲದೆ, ಮಿಕ್ಕೆಲ್ಲ ಅದೇ ರೀತಿ ಮಾಡಿದ ಫ್ಲಾಸ್ಕ್. 50 ಮಿ.ಲೀ. ಆಮ್ಲದ ಬ್ಲಾಂಕ್‌ಗೆ ಬ್ಯೂರೆಟ್ ಸಾಲದೇ ಹೋಗಬಹುದು; ನಡುವೆ ಬ್ಯೂರೆಟ್ ತುಂಬಿಸುವುದು ತಪ್ಪಿಗೆ ದಾರಿ. ಆದ್ದರಿಂದ 25.00 ಮಿ.ಲೀ. ಆಮ್ಲಕ್ಕೆ ಬ್ಲಾಂಕ್ ಮಾಡಿ ಓದಿದ ಅಂಕಿಯನ್ನು ಎರಡರಿಂದ ಗುಣಿಸಿ.

7. ಟೈಟ್ರೇಟ್ ಮಾಡಿ. ಬ್ಯೂರೆಟನ್ನು ನೀರಿನಿಂದ ತೊಳೆದ ಮೇಲೆ ಎರಡು ಸಲ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಿಂದಲೇ ಜಾಲಿಸಿ, ತುದಿಯಲ್ಲಿ ಗಾಳಿಗುಳ್ಳೆ ಇಲ್ಲವೆಂದು ನೋಡಿಕೊಳ್ಳಿ. ಪ್ರತಿ ಫ್ಲಾಸ್ಕಿಗೂ ಸೂಚಕ ನಾಲ್ಕೇ ಹನಿ, ಎಣಿಸಿ. ಹಳದಿ ಮೊದಲು ಹಸಿರಿನತ್ತ ವಾಲುತ್ತದೆ, ಅಲ್ಲಿಂದ ಒಂದೆರಡು ಹನಿಗೆ ನೀಲಿಯಾಗುತ್ತದೆ. ಹಸಿರು ಮೋಡದಂತೆ ಕಂಡು ಆಡಿಸಿದಾಗ ನಿಧಾನವಾಗಿ ಮಾಯವಾಗತೊಡಗಿದರೆ ಹನಿಯ ವೇಗ ಇಳಿಸಿ. ಬ್ಲಾಂಕ್ ಫ್ಲಾಸ್ಕನ್ನು ಮೊದಲು ಮುಗಿಸಿ, ಬಿಳಿ ಹಾಳೆಯ ಮೇಲೆ ಪಕ್ಕದಲ್ಲಿಟ್ಟುಕೊಂಡು, ಮಾತ್ರೆಯ ಫ್ಲಾಸ್ಕನ್ನೂ ಅದೇ ಛಾಯೆಗೆ ತನ್ನಿ. ನೀಲಿಯಾದದ್ದು ಅರ್ಧ ನಿಮಿಷ ನಿಲ್ಲಬೇಕು.

8. ಓದಿ, ಮತ್ತೆ ಮಾಡಿ. ಬ್ಯೂರೆಟ್ ಅಂಕಿಯನ್ನು 0.05 ಮಿ.ಲೀ.ವರೆಗೆ ಓದಿ. ಬ್ಲಾಂಕ್‌ನ ಎರಡು ಓದುಗಳು 0.10 ಮಿ.ಲೀ.ಯೊಳಗೆ ಹೊಂದುವವರೆಗೂ ಮಾಡಿ. ಮಾತ್ರೆಯ ಫ್ಲಾಸ್ಕುಗಳಲ್ಲಿ ಪುಡಿಯ ತೂಕ ಬೇರೆ ಬೇರೆ ಇರುವುದರಿಂದ ಅಲ್ಲಿ ಮಿ.ಲೀ. ಹೋಲಿಸಬೇಡಿ, ಗ್ರಾಂಗೆ ಬಂದ ಮಿಲಿಮೋಲನ್ನು ಹೋಲಿಸಿ.

ಗಮನಿಸಿದಿರಾ, ಸೋಡಿಯಂ ಹೈಡ್ರಾಕ್ಸೈಡ್‌ನ ಸಾಂದ್ರತೆಯನ್ನು ನಾವು ಎಲ್ಲಿಯೂ ಪ್ರತ್ಯೇಕವಾಗಿ ಅಳೆಯಲಿಲ್ಲ. ಬೇಕಿಲ್ಲ. ಬ್ಲಾಂಕ್‌ಗೆ ಇಳಿದದ್ದು ಇಷ್ಟು, ಮಾತ್ರೆಯ ಫ್ಲಾಸ್ಕಿಗೆ ಇಳಿದದ್ದು ಇಷ್ಟು ಎಂಬ ಅನುಪಾತ ಸಾಕು. ಇದರಲ್ಲಿ ಇನ್ನೊಂದು ಲಾಭವಿದೆ. ಸೋಡಿಯಂ ಹೈಡ್ರಾಕ್ಸೈಡ್ ಹಳತಾದಂತೆ ಅದರಲ್ಲಿ ಕಾರ್ಬೊನೇಟ್ ಸೇರಿಕೊಳ್ಳುತ್ತದೆ. ಈ ಕಾರ್ಬೊನೇಟನ್ನು ಫಿನಾಲ್ಫ್ಥಲೀನ್ ಅರ್ಧದಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ, ಬ್ರೋಮೋಫೀನಾಲ್ ಬ್ಲೂ ಪೂರ್ತಿ ಹಿಡಿಯುತ್ತದೆ. ಒಂದು ಸೂಚಕದಿಂದ ಸಾಂದ್ರತೆ ಕಂಡುಕೊಂಡು ಇನ್ನೊಂದರಿಂದ ಮಾತ್ರೆ ಅಳೆದರೆ ಆ ವ್ಯತ್ಯಾಸ ಸದ್ದಿಲ್ಲದೆ ಉತ್ತರದೊಳಗೆ ನುಸುಳುತ್ತದೆ. ಮೊದಲಿಂದ ಕೊನೆಯವರೆಗೆ ಒಂದೇ ಸೂಚಕ ಬಳಸುವುದು ಅದಕ್ಕೇ.

ಲೆಕ್ಕ

ಹಿಂದಿನ ಅಂಕಿಗಳನ್ನೇ ಮುಂದುವರಿಸೋಣ. ಆಮ್ಲ 0.1026 ಮೋಲಾರ್. ಪುಡಿ 0.3010 ಗ್ರಾಂ. 25.00 ಮಿ.ಲೀ. ಬ್ಲಾಂಕ್‌ಗೆ ಇಳಿದದ್ದು 25.90 ಮಿ.ಲೀ., ಅಂದರೆ 50.00 ಮಿ.ಲೀ.ಗೆ 51.80. ಮಾತ್ರೆಯ ಫ್ಲಾಸ್ಕಿಗೆ 27.85 ಮಿ.ಲೀ.

ಹಾಕಿದ ಆಮ್ಲ = 50.00 × 0.1026 = 5.130 ಮಿಲಿಮೋಲ್
ಉಳಿದ ಆಮ್ಲ = 5.130 × 27.85 ÷ 51.80 = 2.758 ಮಿಲಿಮೋಲ್
ಮಾತ್ರೆಯ ಪುಡಿ ಬಳಸಿದ್ದು = 5.130 − 2.758 = 2.372 ಮಿಲಿಮೋಲ್
ಗ್ರಾಂ ಪುಡಿಗೆ = 2.372 ÷ 0.3010 = 7.88 ಮಿಲಿಮೋಲ್
ಒಂದು ಮಾತ್ರೆಗೆ = 7.88 × 1.250 = 9.85 ಮಿಲಿಮೋಲ್ ಆಮ್ಲ

ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕಕ್ಕೆ ಬದಲಿಸಲು 9.85ನ್ನು 2ರಿಂದ ಭಾಗಿಸಿ 100.09ರಿಂದ ಗುಣಿಸಿ: 493 ಮಿ.ಗ್ರಾಂ. ಲೇಬಲ್ಲಿನ 500ಕ್ಕೆ ಹೋಲಿಸಿದರೆ ಶೇ. 98.6. ಇದನ್ನು "ಔಷಧ ಕಡಿಮೆ ಇದೆ" ಎಂದು ಬರೆಯುವ ಮೊದಲು ನಿಮ್ಮ ಅಳತೆಯ ಮಿತಿಯನ್ನು ನೋಡಿ. ಮಾತ್ರೆಯ ಫ್ಲಾಸ್ಕಿನಲ್ಲಿ 0.1 ಮಿ.ಲೀ. ತಪ್ಪಿದರೆ ಉತ್ತರದಲ್ಲಿ ಸುಮಾರು 2 ಮಿ.ಗ್ರಾಂ ಏರುಪೇರಾಗುತ್ತದೆ. ಬ್ಲಾಂಕ್‌ನ ತಪ್ಪು ಎರಡರಿಂದ ಗುಣಿಸಿಕೊಂಡು ಬರುತ್ತದೆ. ಹಾಗಾಗಿ ಏಳು ಮಿಲಿಗ್ರಾಂ ವ್ಯತ್ಯಾಸದ ಮೇಲೆ ಯಾರನ್ನೂ ದೂರುವಂತಿಲ್ಲ.

ಮಾತ್ರೆಯಲ್ಲಿ ಮೆಗ್ನೀಷಿಯಂ ಮತ್ತು ಅಲ್ಯೂಮಿನಿಯಂ ಎರಡೂ ಇದ್ದರೆ ಒಟ್ಟು ಮಿಲಿಮೋಲ್‌ನಲ್ಲೇ ನಿಲ್ಲಿಸಿ. ಹಿಮ್ಮುಖ ಟೈಟ್ರೇಷನ್ ಒಟ್ಟನ್ನು ಹೇಳುತ್ತದೆ, ಯಾವುದರ ಪಾಲು ಎಷ್ಟೆಂದು ಹೇಳಲಾರದು. ಬೇರ್ಪಡಿಸಲು ಲೋಹದ ಅಯಾನನ್ನೇ ಹಿಡಿಯುವ ಇಡಿಟಿಎ ಟೈಟ್ರೇಷನ್ ಬೇಕು.

ಸಮಯದೊಳಗಿನ ಸಾಮರ್ಥ್ಯ: 37 ಡಿಗ್ರಿ, 15 ನಿಮಿಷ

ಈಗ ಎರಡನೇ ಪ್ರಶ್ನೆ. ಅಮೆರಿಕದ ಔಷಧ ಸಂಹಿತೆ ಬಳಸುವ ಕ್ರಮದ ತಿರುಳು ಹೀಗಿದೆ: ಒಂದು ಕನಿಷ್ಠ ಡೋಸ್‌ಗೆ ಸಮನಾದ ಪುಡಿಯನ್ನು 70 ಮಿ.ಲೀ. ನೀರಿನಲ್ಲಿ ಒಂದು ನಿಮಿಷ ಕಲಕಿ, 30.0 ಮಿ.ಲೀ. 1.0 ಮೋಲಾರ್ ಆಮ್ಲ ಸೇರಿಸಿ, 37 ಡಿಗ್ರಿಯಲ್ಲಿ ನಿಮಿಷಕ್ಕೆ ಸುಮಾರು 300 ಸುತ್ತಿನ ವೇಗದಲ್ಲಿ ಸರಿಯಾಗಿ 15 ನಿಮಿಷ ಕಲಕುವುದು. ಆಮೇಲೆ ತಡಮಾಡದೆ, ಐದು ನಿಮಿಷ ಮೀರದಂತೆ, 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 3.5ಕ್ಕೆ ತರುವುದು. ಆ ಪಿಎಚ್ 10ರಿಂದ 15 ಸೆಕೆಂಡು ಅಲ್ಲಾಡದೆ ನಿಲ್ಲಬೇಕು. ಸಾಮರ್ಥ್ಯ 25 ಮಿಲಿಈಕ್ವಿವಲೆಂಟ್ ಮುಟ್ಟುವಂತಿದ್ದರೆ ಆಮ್ಲವನ್ನು 60.0 ಮಿ.ಲೀ.ಗೆ ಏರಿಸಬೇಕು.

ಇಲ್ಲಿ ಸೂಚಕ ಬೇಡ, ಪಿಎಚ್ ಮೀಟರ್ ಬೇಕು; ಪಿಎಚ್ 4.01 ಮತ್ತು 1.68ರ ಬಫರ್‌ಗಳಿಂದ (ಪಿಎಚ್ ಖಚಿತವಾಗಿ ಗೊತ್ತಿರುವ ದ್ರಾವಣಗಳಿಂದ) ಸರಿಹೊಂದಿಸಿಕೊಳ್ಳಿ. ರೂಢಿಯಂತೆ 4 ಮತ್ತು 7ಕ್ಕೆ ಹೊಂದಿಸಿದರೆ ನಿಮ್ಮ ಕೊನೆಯ ಬಿಂದು ಆ ವ್ಯಾಪ್ತಿಯ ಹೊರಗೇ ಉಳಿಯುತ್ತದೆ. ಮೇಲಿನ ಕ್ಯಾಲ್ಸಿಯಂ ಮಾತ್ರೆಗೆ 0.500 ಮೋಲಾರ್ ದ್ರಾವಣ 40.4 ಮಿ.ಲೀ. ಇಳಿದರೆ ಉಳಿದ ಆಮ್ಲ 20.2, ಬಳಕೆಯಾದದ್ದು 9.8 ಮಿಲಿಈಕ್ವಿವಲೆಂಟ್. ಅಮೆರಿಕದ ನಿಯಮದಂತೆ ಒಂದು ಕನಿಷ್ಠ ಡೋಸ್‌ಗೆ 5 ಮಿಲಿಈಕ್ವಿವಲೆಂಟ್ ಆದರೂ ಇದ್ದರಷ್ಟೇ ಅದು ಆಂಟಾಸಿಡ್ ಅನ್ನಿಸಿಕೊಳ್ಳುತ್ತದೆ.

ಅಲ್ಯೂಮಿನಿಯಂ ಮಾತ್ರೆಯ ನಿಜಬಣ್ಣ ಕಾಣುವುದು ಈ ಹಂತದಲ್ಲೇ. ಒಂದೇ ಪುಡಿಯನ್ನು ನಾಲ್ಕು ಬೀಕರ್‌ಗಳಲ್ಲಿ ಸಮನಾಗಿ ತೂಗಿ, 5, 15, 30, 60 ನಿಮಿಷಕ್ಕೆ ಒಂದೊಂದನ್ನು ಟೈಟ್ರೇಟ್ ಮಾಡಿ ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ನುಣ್ಣನೆಯ ಪುಡಿಯಾಗಿದ್ದರೆ ಮೊದಲ ಬೀಕರ್‌ಗೂ ಕೊನೆಯದಕ್ಕೂ ಹೆಚ್ಚು ಅಂತರ ಇರುವುದಿಲ್ಲ. ಅಲ್ಯೂಮಿನಿಯಂ ಜೆಲ್‌ನಲ್ಲಿ ಅಂಕಿ ಏರುತ್ತಲೇ ಹೋಗಬಹುದು. ಜೆಲ್ ಹಳತಾದಂತೆ ಅದರ ರಚನೆ ಬಿಗಿಯಾಗಿ, ಆಮ್ಲಕ್ಕೆ ಇನ್ನೂ ನಿಧಾನವಾಗಿ ಒಗ್ಗುತ್ತದೆ. ಆದ್ದರಿಂದ ಅವಧಿ ಮುಗಿಯುತ್ತ ಬಂದ ಮಾತ್ರೆಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಅಳೆಯುವುದು ಒಳ್ಳೆಯ ಪ್ರಾಜೆಕ್ಟ್ ಆದೀತು. ಟೈಟ್ರೇಷನ್ ನಡುವೆ ಪಿಎಚ್ 3.5 ದಾಟಿಸಿಬಿಟ್ಟರೆ ನೀರಿನಲ್ಲಿರುವ ಅಲ್ಯೂಮಿನಿಯಂ ಅಯಾನೇ ಹೈಡ್ರಾಕ್ಸೈಡನ್ನು ಹಿಡಿದುಕೊಳ್ಳಲು ತೊಡಗುತ್ತದೆ. ಆಗ ಮೀಟರ್ ಏರಿ, ತಾನಾಗಿ ಇಳಿದು, ಮತ್ತೆ ಏರುತ್ತಿರುತ್ತದೆ. ಆಮ್ಲ ಹಾಕಿ ಹಿಂದಕ್ಕೆ ತರಲು ಹೋಗದೆ ಆ ಬೀಕರನ್ನು ಕೈಬಿಡಿ.

ಪುಡಿಯ ಗಾತ್ರ ಇಲ್ಲಿ ಉತ್ತರವನ್ನೇ ಬದಲಿಸುತ್ತದೆ. ಮೊದಲ ವಿಧಾನದಲ್ಲಿ ಎಷ್ಟು ನುಣ್ಣಗೆ ಅರೆದರೂ ಸರಿ. ಇಲ್ಲಿ ಎರಡು ಮಾತ್ರೆಗಳನ್ನು ಹೋಲಿಸುವುದಾದರೆ ಎರಡನ್ನೂ ಒಂದೇ ಜರಡಿಯಲ್ಲಿ ಹಾಯಿಸಿ.

ಈ ಕ್ರಮಕ್ಕೆ ಸುಲಭವಾಗಿ ಬಗ್ಗದವು

ನೀರಿಗೆ ಹಾಕಿದರೆ ಬುಸುಗುಟ್ಟುವ ಮಾತ್ರೆಗಳಲ್ಲಿ ಸಿಟ್ರಿಕ್ ಆಮ್ಲವೂ ಇರುತ್ತದೆ. ಬೈಕಾರ್ಬೊನೇಟ್‌ನ ಒಂದು ಪಾಲು ಅದರ ಜೊತೆಗೇ ಪ್ರತಿಕ್ರಿಯಿಸಿ ಸಿಟ್ರೇಟ್ ಆಗುತ್ತದೆ. ಆ ಸಿಟ್ರೇಟ್ ಕೂಡ ಆಮ್ಲದ ಪ್ರೋಟಾನ್‌ಗಳನ್ನು ಹಿಡಿಯಬಲ್ಲದು. ಆದರೆ ಪಿಎಚ್ 3ರಿಂದ 6ರವರೆಗೆ ಅದು ಬಫರ್, ಅಂದರೆ ಪಿಎಚ್ ಬದಲಾವಣೆಗೆ ಅಡ್ಡ ನಿಲ್ಲುವ ದ್ರಾವಣ. ಸೂಚಕ ಒಮ್ಮೆಲೇ ತಿರುಗದೆ ಎಳೆದಾಡುತ್ತದೆ. ಇಂಥದಕ್ಕೆ ಮೀಟರ್ ಹಿಡಿದು 3.5ಕ್ಕೆ ನಿಲ್ಲಿಸಿ, ವರದಿಯಲ್ಲಿ "ಪಿಎಚ್ 3.5ರವರೆಗಿನ ಸಾಮರ್ಥ್ಯ" ಎಂದೇ ಬರೆಯಿರಿ.

ಆಲ್ಜಿನೇಟ್ (ಕಡಲಪಾಚಿಯಿಂದ ತೆಗೆದ ಅಂಟು ಪದಾರ್ಥ) ಇರುವ ಮಾತ್ರೆ ಆಮ್ಲದಲ್ಲಿ ಲೋಳೆಯಾಗಿ ಮೇಲೆ ತೇಲುತ್ತದೆ. ಅದು ಹಾಗೆ ತೇಲಲೆಂದೇ ಮಾಡಿದ ಔಷಧ. ಲೋಳೆಯೊಳಗೆ ಕಾರ್ಬೊನೇಟ್ ಸಿಕ್ಕಿಕೊಂಡು ಅಂಕಿ ಕಡಿಮೆ ಬರುತ್ತದೆ, ಫ್ಲಾಸ್ಕಿಂದ ಫ್ಲಾಸ್ಕಿಗೆ ಬದಲಾಗುತ್ತದೆ. ಬಣ್ಣದ ಮಾತ್ರೆಗಳಲ್ಲಿ ಹಳದಿ-ನೀಲಿ ತಿರುವು ಮುಚ್ಚಿಹೋಗುತ್ತದೆ. ಬಿಳಿಯದನ್ನು ಆರಿಸಿಕೊಳ್ಳಿ, ಇಲ್ಲವೇ ಮೀಟರ್ ಬಳಸಿ.

ಆಮ್ಲದ ಬದಲು ವಿನೆಗರ್ ಆದೀತೇ ಎಂದು ಕೇಳುವವರೂ ಇದ್ದಾರೆ. ಗುಳ್ಳೆ ನೋಡುವುದಕ್ಕೆ ಆದೀತು, ಅಳತೆಗೆ ಬೇಡ. ಅಸಿಟಿಕ್ ಆಮ್ಲ ದುರ್ಬಲ ಆಮ್ಲ, ಪಿಎಚ್ 4.8ರ ಸುತ್ತ ಅದೇ ಬಫರ್ ಆಗಿ ನಿಲ್ಲುತ್ತದೆ.

ಅಂಕಿ ಏನು ಹೇಳುವುದಿಲ್ಲ

ಲ್ಯಾಬಿನಲ್ಲಿ 38 ಮಿಲಿಮೋಲ್ ತೋರಿಸಿದ ಔಷಧ 10 ತೋರಿಸಿದ್ದಕ್ಕಿಂತ ನಾಲ್ಕು ಪಟ್ಟು ಹೊತ್ತು ಆರಾಮ ಕೊಡುತ್ತದೆ ಎಂದಲ್ಲ. ಜಠರ ಆಮ್ಲ ಸ್ರವಿಸುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಾದರೆ ಆಂಟಾಸಿಡ್ ಸುಮಾರು ಅರ್ಧ ಗಂಟೆಯಲ್ಲಿ ಕರುಳಿಗೆ ಜಾರಿಹೋಗುತ್ತದೆ, ಊಟದ ಮೇಲೆ ತೆಗೆದುಕೊಂಡರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕಾರ್ಬೊನೇಟ್‌ಗಳ ಅನಿಲದ ಲೆಕ್ಕವೂ ಇದೆ: 1 ಗ್ರಾಂ ಸೋಡಿಯಂ ಬೈಕಾರ್ಬೊನೇಟ್ ದೇಹದ ಉಷ್ಣತೆಯಲ್ಲಿ ಸುಮಾರು 300 ಮಿ.ಲೀ. ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ತೇಗು ಬರುವುದು ಅದರಿಂದಲೇ. ಮೆಗ್ನೀಷಿಯಂ ಭೇದಿಯತ್ತ, ಅಲ್ಯೂಮಿನಿಯಂ ಮಲಬದ್ಧತೆಯತ್ತ ಎಳೆಯುವುದರಿಂದ ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸುವ ರೂಢಿ ಬಂದಿದೆ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಗಳನ್ನು ಈ ಲೋಹಗಳು ಕಟ್ಟಿಹಾಕುತ್ತವೆ; ಮೂತ್ರಪಿಂಡದ ತೊಂದರೆ ಇರುವವರಲ್ಲಿ ಮೆಗ್ನೀಷಿಯಂ, ಅಲ್ಯೂಮಿನಿಯಂ ದೇಹದಲ್ಲೇ ಉಳಿದುಕೊಳ್ಳಬಹುದು. ಡೋಸ್ ಎಷ್ಟು, ಎಷ್ಟು ಅಂತರ ಬಿಡಬೇಕು ಎಂಬುದನ್ನು ವೈದ್ಯರೋ ಫಾರ್ಮಸಿಸ್ಟೋ ಹೇಳಲಿ. ಬ್ಯೂರೆಟ್ ಅಂಕಿಯಿಂದ ಅದನ್ನು ತೀರ್ಮಾನಿಸಬೇಡಿ.

ಕೆಲಸ ಮುಗಿದ ಮೇಲೆ

ಫ್ಲಾಸ್ಕುಗಳಲ್ಲಿ ಉಳಿದಿರುವುದು ತೆಳು ಉಪ್ಪಿನ ನೀರು. ಪಿಎಚ್ 6ರಿಂದ 8ರೊಳಗೆ ತಂದು ಧಾರಾಳ ನೀರಿನ ಜೊತೆ ಸಿಂಕಿಗೆ ಬಿಡಬಹುದು. ಆಮ್ಲ ಚೆಲ್ಲಿದ ಜಾಗಕ್ಕೆ ಸೋಡಿಯಂ ಬೈಕಾರ್ಬೊನೇಟ್ ಉದುರಿಸಿ, ಗುಳ್ಳೆ ನಿಂತ ಮೇಲೆ ಒರೆಸಿ. ಸೋಡಿಯಂ ಹೈಡ್ರಾಕ್ಸೈಡ್ ತುಂಬಿದ ಬ್ಯೂರೆಟನ್ನು ಹಾಗೇ ಬಿಟ್ಟುಹೋಗಬೇಡಿ. ಗಾಜಿನ ತಿರುಪು ಇದ್ದರೆ ಮರುದಿನಕ್ಕೆ ಅದು ಕಚ್ಚಿಕೊಂಡಿರುತ್ತದೆ. ಖಾಲಿ ಮಾಡಿ, ತೆಳು ಆಮ್ಲದಿಂದ ಒಮ್ಮೆ, ನೀರಿನಿಂದ ಮೂರು ಸಲ ತೊಳೆದು, ತಿರುಪು ತೆರೆದಿಟ್ಟು ತಲೆಕೆಳಗಾಗಿ ನಿಲ್ಲಿಸಿ.